ನಡುಗುವ ಬಟ್ಟಲಿನ ಕಥೆ, ನಮ್ಮ ಬೀಜದ ಡಬ್ಬಿಯ ಪಾಠ

ಬಿತ್ತಿಗೆ ಶುರುವಾಗೋದ್ರೊಳಗ ಇದನ್ನ ಬರೆದಿಡಬೇಕು ಅನಿಸ್ತು. ಸ್ವಲ್ಪ ಉದ್ದ ಐತಿ. ಸಂಜೆ ಕಟ್ಟೆ ಮ್ಯಾಲೆ ಕೂತು ಓದ್ರಿ.

ಹೋದ ಮುಂಗಾರಿನಾಗ ನಮ್ಮ ಎರಡು ಎಕರೆ ಗೋವಿನಜೋಳದ ಸಾಲು ಹಲ್ಲು ಬಿದ್ದ ಬಾಯಿಯಂಗ ಕಾಣ್ತಿತ್ತು. ಒಂದು ಕಡೆ ಎರಡೆರಡು ಸಸಿ, ಮುಂದೆ ಮೂರು ಅಡಿ ಖಾಲಿ. ಪ್ಲಾಂಟರ್ ಬಾಡಿಗೆಗೆ ತಂದ ಹುಡುಗನಿಗೆ ನಾಲ್ಕು ಮಂದಿ ಎದುರಿಗೆ ಬಾಯಿಗೆ ಬಂದಂಗ ಬೈದೆ, ಬಾಡಿಗೆನೂ ಅರ್ಧ ಹಿಡಿದೆ. ತಪ್ಪು ಯಾರದು ಅಂತ ತಿಳಿದದ್ದು ಎರಡು ತಿಂಗಳ ಮ್ಯಾಲೆ. ಅದೂ ಹೊಲದಾಗ ಅಲ್ಲ, ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಾಗ.

ಅಕ್ಕನ ಮಗ ಅಲ್ಲಿ ಕೆಲಸ ಮಾಡ್ತಾನೆ. "ಮಾಮಾ, ಒಂದು ಯಂತ್ರ ತೋರಸ್ತೀನಿ ಬರ್ರಿ" ಅಂತ ಕರ್ಕೊಂಡು ಹೋದ. ಬುಟ್ಟಿ ಗಾತ್ರದ ಸ್ಟೀಲ್ ಬಟ್ಟಲು. ಒಳಗೆ ಸಾವಿರಾರು ಸ್ಕ್ರೂ ರಾಶಿ. ಒಳಗೋಡೆಗೆ ಅಂಟಿಕೊಂಡು ತಳದಿಂದ ಮೇಲಿನವರೆಗೆ ಸುರುಳಿ ದಾರಿ. ಸ್ವಿಚ್ ಹಾಕಿದ ಕೂಡಲೇ ಗುರ್ರ್ ಅಂತ ಸದ್ದು, ಸ್ಕ್ರೂಗಳು ಇರುವೆ ಸಾಲಿನಂಗ ತಾವೇ ಹತ್ತೋಕೆ ಶುರು! ಮೇಲೆ ಬರೋದ್ರೊಳಗ ಎಲ್ಲವೂ ಒಂದರ ಹಿಂದೆ ಒಂದು, ತಲೆ ಮೇಲೆ, ಮೊನೆ ಕೆಳಗೆ.

ಇದರ ಒಳಗುಟ್ಟು ನಮ್ಮ ಹೆಣ್ಮಕ್ಕಳಿಗೆ ಹೊಸದಲ್ಲ. ಮೊರದಾಗ ಕಾಳು ಕೇರುವಾಗ ಪ್ರತಿ ಕುಟುಕಿಗೂ ಕಾಳು ಸಣ್ಣಗೆ ಹಾರಿ ಜಾಗ ಬದಲಿಸ್ತದಲ್ಲ, ಅದೇ ಇಲ್ಲಿ ಕರೆಂಟಿನಿಂದ ನಡೀತದ. ಬಟ್ಟಲಿನ ಕೆಳಗೆ ವಿದ್ಯುತ್ ಅಯಸ್ಕಾಂತ, ಸುತ್ತಲೂ ಓರೆಯಾಗಿ ನಿಲ್ಲಿಸಿದ ಪಟ್ಟಿ ಸ್ಪ್ರಿಂಗುಗಳು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಸುತ್ತು ಹಾಕಿದರೆ ಅಯಸ್ಕಾಂತ 100 ಸಲ ಎಳೆದು ಬಿಡುತ್ತದೆ. ಸ್ಪ್ರಿಂಗ್ ಓರೆ ಇರೋದರಿಂದ ಬಟ್ಟಲು ಬರೀ ಮೇಲೆ ಕೆಳಗೆ ಕುಣಿಯೋದಿಲ್ಲ, ಜೊತೆಗೇ ಸ್ವಲ್ಪ ತಿರುಚುತ್ತದೆ. ಪ್ರತಿ ಸಲವೂ ಸ್ಕ್ರೂ ಕೂದಲೆಳೆಯಷ್ಟು ಮುಂದಕ್ಕೆ ಜಿಗಿಯುತ್ತದೆ. ಕಣ್ಣಿಗೆ ಮಾತ್ರ ನಡೆದು ಹೋದಂಗ ಕಾಣ್ತದ.

ಈ ಬಟ್ಟಲು ಬರೋದಕ್ಕೂ ಮುಂಚೆ ಕಾರ್ಖಾನೆಗಳಾಗ ಸಣ್ಣ ಭಾಗಗಳನ್ನ ಆರಿಸಿ, ತಿರುಗಿಸಿ, ಯಂತ್ರಕ್ಕೆ ಕೊಡ್ತಿದ್ದದ್ದು ಮನುಷ್ಯರ ಬೆರಳು, ಬಹಳ ಕಡೆ ಹೆಂಗಸರ ಬೆರಳು. ರಾಶಿಯೊಳಗಿಂದ ಸೀಳುಪಟ್ಟಿಯೊಂದು ಮೇಲೆದ್ದು, ತಲೆ ಸಿಕ್ಕಿಕೊಂಡ ಸ್ಕ್ರೂಗಳನ್ನಷ್ಟೇ ಎತ್ತಿಕೊಳ್ಳುವ ಯಂತ್ರಗಳೂ ಇದ್ದವು. ಇತ್ತ ಅಮೆರಿಕದ ಪೆನ್ಸಿಲ್ವೇನಿಯಾದ ಹೋಮರ್ ಸಿಟಿಯಲ್ಲಿ ಸಿಂಟ್ರಾನ್ ಎಂಬ ಕಂಪನಿ, ಕಲ್ಲಿದ್ದಲು, ಅದಿರಿನಂಥ ರಾಶಿ ಸರಕು ಸರಿಸೋದಕ್ಕೆ ಅಯಸ್ಕಾಂತದಿಂದ ನಡುಗುವ ಯಂತ್ರ ಮಾಡುತ್ತಿತ್ತು. ಆ ನಡುಕವನ್ನ ಸುರುಳಿ ದಾರಿಯ ಬಟ್ಟಲಿಗೆ ಕೊಟ್ಟು ಸಣ್ಣ ಭಾಗ ಹತ್ತಿಸುವ ವಿದ್ಯೆ 1950ರ ಹೊತ್ತಿಗೆ ಗಟ್ಟಿಯಾಯಿತು. ಆ ಕಾಲದ ಪೇಟೆಂಟ್‌ಗಳಲ್ಲಿ ಮಾರಿಯೋ ಸ್ಗ್ರಿಚಿಯಾ ಎಂಬುವರ ಹೆಸರಿದೆ. ಯುದ್ಧ ಮುಗಿದು ಕಾರು, ರೇಡಿಯೋ, ಮನೆ ಸಾಮಾನು ಲಕ್ಷಗಟ್ಟಲೆ ತಯಾರಾಗುತ್ತಿದ್ದ ಕಾಲ ಅದು. ಬಟ್ಟಲು ಎಲ್ಲಾ ಕಡೆ ಹಬ್ಬಿತು.

ಆದರೆ ನನ್ನ ಕಣ್ಣು ನೆಟ್ಟಿದ್ದು ನಡುಕದ ಮೇಲಲ್ಲ, ಆ ದಾರಿಯಲ್ಲಿ ಇಟ್ಟ ಅಡೆತಡೆಗಳ ಮೇಲೆ. ಮೊದಲು ಒಂದು ತಗಡಿನ ಪಟ್ಟಿ, ಒಂದೇ ಸ್ಕ್ರೂ ಎತ್ತರಕ್ಕೆ. ಒಂದರ ಮೇಲೊಂದು ಕೂತು ಬಂದವನ್ನ ಅದು ತಳ್ಳಿಬಿಡ್ತದ. ಮುಂದೆ ದಾರಿ ಕಿರಿದಾಗ್ತದ, ಜೋಡಿಯಾಗಿ ಬಂದವು ಜಾರಿ ಬೀಳ್ತಾವ. ಆಮೇಲೆ ಒಂದು ಸೀಳು. ಮೊನೆ ಸೀಳಿನಾಗ ಇಳಿದು ತಲೆ ಮೇಲೆ ನಿಂತರೆ ಪಾಸು, ಅಡ್ಡ ಉಳಿದರೆ ಬಟ್ಟಲಿಗೆ ವಾಪಸ್. ತಪ್ಪಾಗಿ ಬಂದದ್ದನ್ನೆಲ್ಲ ಹಿಡಿದು ತಿದ್ದುವ ಗೋಜಿಗೆ ಈ ಯಂತ್ರ ಹೋಗೋದಿಲ್ಲ. ಬೀಳಿಸಿ, ಇನ್ನೊಂದು ಸಲ ಹತ್ತಿ ಬಾ ಅಂತದ. ಸರಿ ಇದ್ದದ್ದು ಮಾತ್ರ ಮುಂದೆ ಹೋಗ್ತದ.

ಇದನ್ನ ನೋಡ್ತಾ ನಿಂತಾಗಲೇ ನನಗೆ ಪ್ಲಾಂಟರ್ ಡಬ್ಬಿ ಕಣ್ಣ ಮುಂದೆ ಬಂತು. ಅಲ್ಲೂ ತಿರುಗುವ ತಟ್ಟೆ, ತಟ್ಟೆಯಾಗ ಒಂದೊಂದೇ ಬೀಜ ಹಿಡಿಯುವ ಗುಳಿ, ಹೆಚ್ಚಾದ ಬೀಜ ಒರೆಸಿ ವಾಪಸ್ ಹಾಕುವ ಬ್ರಷ್. ಅದೇ ಲೆಕ್ಕ!

ಸ್ಕ್ರೂ ಮುಗಿದು ಬೇರೆ ಅಳತೆಯದು ಹಾಕಬೇಕಾದರೆ ಏನು ಮಾಡ್ತೀರಿ ಅಂತ ಕೇಳಿದೆ. "ಅದು ಈ ಬಟ್ಟಲಿನಾಗ ನಡಿಯಂಗಿಲ್ಲ ಮಾಮಾ, ಬಟ್ಟಲೇ ಬ್ಯಾರೆ ಬೇಕು" ಅಂದ. ಆ ಮಾತಿಗೆ ನನಗೆ ಬೆವರು ಬಂತು. ಹಿಂದಿನ ವರ್ಷ ಉಳಿದಿದ್ದ ಅರ್ಧ ಚೀಲ ಬೀಜವನ್ನ ಹೊಸ ಚೀಲದ ಜೋಡಿ ಒಂದೇ ಡಬ್ಬಿಗೆ ಸುರಿದವನು ನಾನೇ. ಒಂದು ಚಪ್ಪಟೆ, ಇನ್ನೊಂದು ಗುಂಡು. ತೆನೆಯ ನಡುವಿನ ಕಾಳು ಒಂದನ್ನೊಂದು ಒತ್ತಿ ಚಪ್ಪಟೆ ಆಗ್ತಾವ, ಬುಡ ಮತ್ತು ತುದಿಯವು ಗುಂಡಗಿರ್ತಾವ. ಅದಕ್ಕೇ ಬೀಜದವರು ಜರಡಿ ಹಿಡಿದು ಬೇರೆ ಬೇರೆ ಮಾಡೋದು. ಗುಳಿಗಿಂತ ಸಣ್ಣ ಬೀಜ ಬಂದಲ್ಲಿ ಎರಡು ಕೂತವು, ದಪ್ಪ ಬೀಜ ಬಂದಲ್ಲಿ ಒಂದೂ ಕೂರಲಿಲ್ಲ.

ಈ ಪಾಠವನ್ನ ಕಾರ್ಖಾನೆಯವರಿಗೆ ಲೆಕ್ಕ ಹಾಕಿ ಕಲಿಸಿದವರು ಜೆಫ್ರಿ ಬೂತ್ರಾಯ್ಡ್. 1960ರ ದಶಕದಲ್ಲಿ ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ, ಆಮೇಲೆ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ, ಯಾವ ಆಕಾರದ ಭಾಗ ಬಟ್ಟಲಿನಲ್ಲಿ ಹೇಗೆ ನಡೆಯುತ್ತದೆ ಅಂತ ಅಭ್ಯಾಸ ಮಾಡಿದರು. ಅವರು ಕಂಡುಕೊಂಡದ್ದು ಸರಳ: ಯಂತ್ರ ಜಾಣ ಮಾಡುವ ಮೊದಲು ಭಾಗವನ್ನೇ ಸುಲಭ ಮಾಡಿ. ಎರಡೂ ಕಡೆ ಒಂದೇ ಥರ ಇರಲಿ, ಇಲ್ಲವೇ ವ್ಯತ್ಯಾಸ ಎದ್ದು ಕಾಣಲಿ. ಚೂರೇ ಚೂರು ವ್ಯತ್ಯಾಸ ಇದ್ದರೆ ಯಂತ್ರಕ್ಕೆ ತಿಳಿಯೋದಿಲ್ಲ. ಈ ಕೆಲಸಕ್ಕೆ 1991ರಲ್ಲಿ ಅವರಿಗೂ ಜೊತೆಗಾರ ಪೀಟರ್ ಡ್ಯೂಹರ್ಸ್ಟ್ ಅವರಿಗೂ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಸಿಕ್ಕಿತು. 1985ರಲ್ಲಿ ಐಬಿಎಂ ಕಂಪನಿ ರೋಬೋಟ್ ಜೋಡಿಸಲಿ ಅಂತ ಪ್ರೊಪ್ರಿಂಟರ್ ಎಂಬ ಮುದ್ರಣ ಯಂತ್ರ ತಯಾರಿಸಿತು. ಭಾಗಗಳನ್ನ ಎಷ್ಟು ಸುಲಭ ಮಾಡಿದ್ದರಂದರೆ, ಅದನ್ನ ಮನುಷ್ಯರ ಕೈಯಲ್ಲೂ ನಿಮಿಷಗಳಲ್ಲಿ ಜೋಡಿಸಬಹುದಿತ್ತು.

ಕೈ ಅಂದಾಗ ಅವ್ವ ನೆನಪಾಗ್ತಾಳ. ಕೂರಿಗೆ ಹಿಂದೆ ಉಡಿಯಾಗ ಬೀಜ ಕಟ್ಟಿಕೊಂಡು, ಮುಷ್ಟಿ ಸಡಿಲಿಸಿ ಬಟ್ಟಲಿಗೆ ಬಿಡ್ತಿದ್ದಳು. ಚಪ್ಪಟೆ ಇರಲಿ ಗುಂಡು ಇರಲಿ, ಅವಳ ಬೆರಳಿಗೆ ತಿಳಿತಿತ್ತು. ಓಣಿಯ ನಾಲ್ಕು ಹೆಣ್ಮಕ್ಕಳಿಗೆ ಆ ಕೆಲಸದಿಂದ ಬಿತ್ತಿಗೆ ಕೂಲಿ ಸಿಗ್ತಿತ್ತು. ಆ ಕೂಲಿ ಈಗಿಲ್ಲ, ಬಿಡುವ ಕೈಯೂ ಈಗ ಸಿಗೋದಿಲ್ಲ. ಯಂತ್ರ ಬ್ಯಾಡ ಅನ್ನಲಾರೆ. ಆದರೆ ಬೆರಳು ಮಾಡ್ತಿದ್ದ ಆಯ್ಕೆಯನ್ನ ಈಗ ಡಬ್ಬಿಗೆ ಸುರಿಯೋ ಮುಂಚೆಯೇ ನಾವು ಮಾಡಬೇಕು.

ಅದಕ್ಕೆ ಈ ಸಲ ಮೂರು ಕೆಲಸ ಮಾಡ್ರಿ. ಬೇರೆ ಬೇರೆ ಚೀಲದ ಬೀಜ ಕಲಸಬ್ಯಾಡ್ರಿ. ತಟ್ಟೆ ಬಿಚ್ಚಿ ಹತ್ತು ಬೀಜ ಕೈಯಿಂದಲೇ ಗುಳಿಯಾಗ ಇಟ್ಟು ನೋಡ್ರಿ. ಒಂದು ಸಲೀಸಾಗಿ ಕೂರಬೇಕು, ಎರಡು ಕೂರಬಾರದು. ಅಂಗಳದಾಗ ತಾಡಪತ್ರಿ ಹಾಸಿ ಚಕ್ರ ಹತ್ತು ಸುತ್ತು ತಿರುಗಿಸಿ ಬಿದ್ದ ಬೀಜ ಎಣಿಸ್ರಿ. ಹೊಸ ಪ್ಲಾಂಟರಿಗೆ ಸಾಲ ಮಾಡೋ ವಿಚಾರ ಆಮೇಲೆ.

ಆ ಹುಡುಗನ ಮನೆಗೆ ಹೋಗಿ ಹಿಡಿದಿದ್ದ ಬಾಡಿಗೆ ಕೊಟ್ಟು ಬಂದೆ. "ಇರಲಿ ಬಿಡ್ರಿ ಕಾಕಾ" ಅಂದ. ನಾಲ್ಕು ಮಂದಿ ಎದುರಿಗೆ ಬೈದಿದ್ದೆನಲ್ಲ, ಅದಕ್ಕೇ ಇಲ್ಲೂ ಎಲ್ಲರ ಎದುರಿಗೆ ಬರೆದೆ.