ಕಿಟಕಿಗೂ ಟ್ಯಾಕ್ಸ್! (ಭಾಗ 3)

ಬಿಕಾಂ ಫ್ರೆಂಡ್ಸ್, ಈ ಟ್ಯಾಕ್ಸ್ ನಮ್ಮ ಸಿಲಬಸ್‌ನಲ್ಲಿಲ್ಲ. 1696ರಿಂದ ಇಂಗ್ಲೆಂಡಿನಲ್ಲಿ ಮನೆಯ ಕಿಟಕಿ ಎಣಿಸಿ ತೆರಿಗೆ ಹಾಕ್ತಿದ್ರು. ಉಳಿಸೋಕೆ ಜನ ಕಿಟಕಿಗೇ ಇಟ್ಟಿಗೆ ಕಟ್ಟಿದ್ರು. ವಠಾರದಂಥ ಬಾಡಿಗೆ ಮನೆಗಳಲ್ಲಿ ಕಿಟಕಿ ಮುಚ್ಚಿಸಿದ್ದು ಮಾಲೀಕರು, ಕತ್ತಲಲ್ಲಿ ಕೂತಿದ್ದು ಬಡವರು. ನನಗೆ ಸಿಟ್ಟು ಬರೋದು ಇಲ್ಲೇ.

1851ರಲ್ಲಿ ತೆರಿಗೆ ಹೋಯ್ತು, ಕತ್ತಲೆ ಹೋಗಲಿಲ್ಲ. ಲಂಡನ್ನಿನ ಓಣಿಗಳು ಅಷ್ಟು ಇಕ್ಕಟ್ಟು. ಕಿಟಕಿ ತೆರೆದ್ರೆ ಎದುರುಮನೆ ಗೋಡೆ. ಹಗಲಲ್ಲೂ ಗ್ಯಾಸ್ ದೀಪ, ಅದರ ಖರ್ಚು ಬೇರೆ.

ಅದೇ ಶತಮಾನದಲ್ಲಿ ಫ್ಲೀಟ್ ಸ್ಟ್ರೀಟಿನ ಪಾಲ್ ಎಮಿಲ್ ಶಾಪುಯಿ 'ಡೇಲೈಟ್ ರಿಫ್ಲೆಕ್ಟರ್' ಮಾರಿದ್ರು. ಕಿಟಕಿಯ ಹೊರಗೆ ಓರೆಯಾಗಿ ನಿಲ್ಲಿಸೋ ಹೊಳೆಯೋ ಫಲಕ, ಅಷ್ಟೇ. ಎರಡು ಗೋಡೆ ನಡುವೆ ಮೇಲೆ ಕಾಣೋ ಪಟ್ಟಿಯಷ್ಟು ಆಕಾಶದ ಬೆಳಕನ್ನ ಹಿಡಿದು ಕೋಣೆಯೊಳಗೆ ತಿರುಗಿಸುತ್ತೆ. ಗ್ಯಾಸ್ ಬೇಡ, ಬಿಲ್ಲೂ ಇಲ್ಲ. ಆಗಾಗ ಮಸಿ ಒರೆಸ್ಬೇಕು, ಕಲ್ಲಿದ್ದಲು ಉರಿಸೋ ಊರಲ್ವಾ!