ಚಿತ್ರದುರ್ಗ ಸೀಮೆಯ ಹರಕೆಯ ಮರಗಳು

ಕನ್ನಡದಲ್ಲಿ ‘ಹರಕೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಹಿರಿಯರು ಕಿರಿಯರಿಗೆ ಕೋರುವ ಒಳಿತು ಒಂದು. ಕಷ್ಟದಲ್ಲಿರುವವರು ದೈವಕ್ಕೆ ಕೊಡುವ ಮಾತು ಇನ್ನೊಂದು. ಹಳಗನ್ನಡದ ‘ಪರಸು’, ‘ಪರಕೆ’ಗಳಿಂದ ಬೆಳೆದುಬಂದ ಈ ಶಬ್ದದಲ್ಲಿ ಮೇಲಿನಿಂದ ಇಳಿಯುವ ಅನುಗ್ರಹಕ್ಕೂ ಕೆಳಗಿನಿಂದ ಏರುವ ಬೇಡಿಕೆಗೂ ಒಂದೇ ಹೆಸರು ಸಂದಿದೆ. ಇದಕ್ಕಿಂತಲೂ ಗಮನಾರ್ಹವಾದುವು ಈ ಶಬ್ದದೊಡನೆ ಬಳಕೆಯಾಗುವ ಕ್ರಿಯಾಪದಗಳು. ಹರಕೆಯನ್ನು ಹೊರುತ್ತಾರೆ, ತೀರಿಸುತ್ತಾರೆ. ಸಾಲವನ್ನೂ ಹೊರುತ್ತಾರೆ, ತೀರಿಸುತ್ತಾರೆ. ಸಾಲ ಬಾಕಿ ಉಳಿಯುವಂತೆ ಹರಕೆಯೂ ಬಾಕಿ ಉಳಿಯುತ್ತದೆ. ತಂದೆತಾಯಿ ತೀರಿಸದೆ ಬಿಟ್ಟುದು ಮಕ್ಕಳ ತಲೆಗೆ ಬರುತ್ತದೆ. ಮರಗಳಿಗೆ ಹರಕೆ ಹೊರುವ ಪದ್ಧತಿಯನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಅದನ್ನು ವೃಕ್ಷಪೂಜೆ ಎಂಬ ಒಂದು ದೊಡ್ಡ ಹೆಸರಿನ ಕೆಳಗೆ ತಂದಿದ್ದಾರೆ. ಆದರೆ ಜನರ ನುಡಿಯನ್ನು ನಂಬುವುದಾದರೆ, ಇದು ಪೂಜೆಗಿಂತ ವ್ಯವಹಾರಕ್ಕೆ ಹತ್ತಿರವಾದುದು. ಪ್ರಕೃತ ಲೇಖನದ ಉದ್ದೇಶ ಈ ಮಾತನ್ನು ಚಿತ್ರದುರ್ಗ ಸೀಮೆಯ ನಿದರ್ಶನಗಳಿಂದ ಪರೀಕ್ಷಿಸಿ ನೋಡುವುದು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲೂಕುಗಳು ಒಂದೇ ಜಿಲ್ಲೆಗೆ ಸೇರಿದ್ದರೂ ನೆಲದ ಗುಣದಲ್ಲಿ ಒಂದೇ ಅಲ್ಲ. ಹೊಳಲ್ಕೆರೆ ಹೊಸದುರ್ಗಗಳ ಕಡೆ ಅಡಕೆ ತೆಂಗುಗಳ ತೋಟಗಳಿವೆ. ವೇದಾವತಿಯನ್ನು ದಾಟಿ ಹಿರಿಯೂರಿನಿಂದ ಮೂಡಣಕ್ಕೆ ಹೋದಂತೆ ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ಬಯಲು ಎದುರಾಗುತ್ತದೆ. ಅಲ್ಲಿ ನೆರಳೆಂದರೆ ಬೇವು, ಹುಣಸೆ, ಜಾಲಿ, ತುಗ್ಗಲಿ, ಕಮರ. ಹೀಗಿರುವ ನೆಲದಲ್ಲಿ ನಾಲ್ಕು ತಲೆಮಾರು ನಿಂತ ಒಂದು ಆಲವೋ ಅರಳಿಯೋ ತನ್ನಷ್ಟಕ್ಕೆ ತಾನೇ ಒಂದು ಗುರುತಾಗುತ್ತದೆ. ಊರಿನ ಪಂಚಾಯಿತಿ ಕೂಡುವುದು ಅದರ ಕಟ್ಟೆಯ ಮೇಲೆ. ಆಣೆಪ್ರಮಾಣಗಳು ನಡೆಯುತ್ತಿದ್ದುದೂ ಅಲ್ಲಿಯೇ. ಹರಕೆಯೂ ಅಲ್ಲಿಯೇ ನಡೆಯುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಆಚರಣೆಯ ವಿವರಗಳು ಓದುಗರಿಗೆ ಬಹುಮಟ್ಟಿಗೆ ಪರಿಚಿತವೇ. ಅರಳಿಕಟ್ಟೆಯಲ್ಲಿ ನಾಗರಕಲ್ಲುಗಳಿರುತ್ತವೆ, ಅರಳಿಗೆ ಬೇವನ್ನು ಜೊತೆಗೂಡಿಸಿ ಮದುವೆ ಮಾಡಿರುತ್ತಾರೆ. ಸೋಮವಾರ ಅಮಾವಾಸ್ಯೆ ಕೂಡಿದ ದಿನ ಹೆಂಗಸರು ನೂರೆಂಟು ಸುತ್ತು ಬರುತ್ತಾರೆ, ಬೊಡ್ಡೆಗೆ ನೂಲು ಸುತ್ತುತ್ತಾರೆ. ಮಕ್ಕಳಿಲ್ಲದವಳು ಒಂದು ಬಟ್ಟೆಯ ಚೂರಿನಲ್ಲಿ ಸಣ್ಣ ಕಲ್ಲನ್ನಿಟ್ಟು ತೊಟ್ಟಿಲಿನಂತೆ ಕೊಂಬೆಗೆ ತೂಗಬಿಡುತ್ತಾಳೆ. ಹಸುರು ಬಳೆ, ರವಕೆಯ ಕಣ, ಹಳದಿ ಬಟ್ಟೆಯಲ್ಲಿ ಗಂಟು ಹಾಕಿದ ಕಾಸಿನ ಮುಡಿಪು ಇವೂ ಕಾಣಬರುತ್ತವೆ. ಈದ ಎಮ್ಮೆಯ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಕೊಂಬೆಗೆ ಕಟ್ಟುವುದುಂಟು. ಹಾಲು ಸೂಸುವ ಮರ ಎಮ್ಮೆಯ ಹಾಲನ್ನು ಕಾಯುತ್ತದೆಂಬುದು ನಂಬಿಕೆ. ಮಾರಮ್ಮನ ಹರಕೆಗೆ ಬೇವು. ಹುಣಸೆಗೆ ಮಾತ್ರ ಬೇಡುವವರು ಕಡಮೆ, ಹೆದರುವವರು ಹೆಚ್ಚು. ಮಂತ್ರವಾದಿ ದೆವ್ವವನ್ನು ಕಟ್ಟಿ ಮೊಳೆ ಹೊಡೆಯುವುದು ಸಾಮಾನ್ಯವಾಗಿ ಆ ಮರಕ್ಕೆ. (ಈಗ ಮೊಳೆ ಹೊಡೆಯುವವರು ಜಾಹೀರಾತಿನವರು. ಮರಕ್ಕೆ ಆಗುವ ಗಾಯ ಅದೇ.)

ಈ ವಸ್ತುಗಳಲ್ಲಿ ತೊಟ್ಟಿಲನ್ನು ಸ್ವಲ್ಪ ನಿಂತು ನೋಡಬೇಕು. ಅದನ್ನು ಅನುಕರಣದ ಮಾಟವೆಂದು, ಎಂದರೆ ಬೇಕಾದುದರ ಚಿಕ್ಕ ಪ್ರತಿಕೃತಿಯನ್ನು ಮಾಡಿ ನಿಜವಾದುದನ್ನು ಬರಮಾಡಿಕೊಳ್ಳುವ ಉಪಾಯವೆಂದು ವಿವರಿಸುವುದು ವಾಡಿಕೆ. ಆ ವಿವರಣೆ ತಪ್ಪೆನ್ನಲಾಗದು, ಆದರೆ ಅದು ಅರ್ಧವನ್ನು ಮಾತ್ರ ಹೇಳುತ್ತದೆ. ಮಾಟ ಗುಟ್ಟಾಗಿ ನಡೆಯುವಂಥದು; ಈ ತೊಟ್ಟಿಲು ಊರಿನ ಕಣ್ಣೆದುರು ತೂಗುತ್ತದೆ. ಕಟ್ಟಿದವಳು ಯಾರೆಂದು ನೀರಿಗೆ ಹೋಗುವವರಿಗೆಲ್ಲ ಗೊತ್ತು. ಮಗು ಹುಟ್ಟಿದ ಮೇಲೆ ಅವಳು ಬಂದು ಮಾತು ತೀರಿಸಿದಳೇ ಇಲ್ಲವೇ ಎಂಬುದೂ ಗೊತ್ತಾಗುತ್ತದೆ. ಬರೆಹ ಬಾರದವರ ಪಾಲಿಗೆ ಇದು ಸಾಕ್ಷಿ ಸಮೇತವಾದ ಒಂದು ಪತ್ರ. ಹೊಸದುರ್ಗದ ಬಳಿಯ ಹಾಲುರಾಮೇಶ್ವರದಲ್ಲಿ ಭಕ್ತರು ಬಯಕೆಯನ್ನು ನೆನೆದು ಕೊಳದ ಮುಂದೆ ಕುಳಿತು, ನೀರಿನಲ್ಲಿ ತೇಲಿಬರುವ ವಸ್ತುವನ್ನು ಗಂಗೆಯ ಉತ್ತರವೆಂದು ತಿಳಿಯುತ್ತಾರೆ. ಅಲ್ಲಿ ಪ್ರಶ್ನೆಗೆ ಕೂಡಲೆ ಉತ್ತರ. ಮರ ಉತ್ತರ ಕೊಡುವುದಿಲ್ಲ. ಅದು ಕೇಳಿಕೊಂಡು ನಿಂತಿರುತ್ತದೆ, ಕಾಯುತ್ತದೆ. ಎರಡನ್ನೂ ಒಂದೇ ವರ್ಗಕ್ಕೆ ಸೇರಿಸುವುದರಿಂದ ಈ ಭೇದ ಮರೆಯಾಗುತ್ತದೆ.

ಪ್ರಾಚೀನ ಸಾಹಿತ್ಯದಲ್ಲಿ ಇದಕ್ಕೆ ಆಧಾರಗಳನ್ನು ಹುಡುಕಿದರೆ ಅವು ನಿರೀಕ್ಷೆಗಿಂತ ಸ್ಪಷ್ಟವಾಗಿಯೇ ದೊರೆಯುತ್ತವೆ. ಪಾಲಿ ಜಾತಕಗಳ ಪೀಠಿಕೆಯಾದ ನಿದಾನಕಥೆಯಲ್ಲಿ ಸುಜಾತೆಯ ವೃತ್ತಾಂತವಿದೆ. ಸಮಾನ ಕುಲದ ಗಂಡನೂ ಮೊದಲು ಗಂಡುಮಗುವೂ ದೊರೆತರೆ ವರ್ಷವರ್ಷವೂ ಬಲಿಯನ್ನು ಅರ್ಪಿಸುವೆನೆಂದು ಆಕೆ ಒಂದು ಆಲದ ಮರಕ್ಕೆ ಹರಕೆ ಹೊತ್ತಿದ್ದಳು. ಬಯಸಿದುದು ಕೈಗೂಡಿತು, ಪಾಯಸವನ್ನು ಬೇಯಿಸಿ ತಂದಳು, ಮರದಡಿಯಲ್ಲಿ ಕುಳಿತಿದ್ದ ಬೋಧಿಸತ್ತ್ವನನ್ನು ವೃಕ್ಷದೇವತೆಯೆಂದೇ ಬಗೆದು ಅವನಿಗೆ ಕೊಟ್ಟಳು. ಬುದ್ಧತ್ವಕ್ಕೆ ಮುಂಚಿನ ಆ ಪ್ರಸಿದ್ಧವಾದ ಊಟ ಒಬ್ಬ ಹಳ್ಳಿಯ ಹೆಣ್ಣುಮಗಳ ಹರಕೆಯ ಬಾಕಿ ಎಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ.

ದುಮ್ಮೇಧ ಜಾತಕದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಜನರು ಒಂದು ಆಲದ ಮರದ ಬಳಿ ಮಕ್ಕಳನ್ನೂ ಸಿರಿಯನ್ನೂ ಬೇಡಿ ಪ್ರಾಣಿಗಳನ್ನು ಬಲಿ ಕೊಡುವುದನ್ನು ಬ್ರಹ್ಮದತ್ತ ಎಂಬ ರಾಜಕುಮಾರ ನೋಡುತ್ತಾನೆ. ತಾನೂ ಆಗಾಗ ಹೋಗಿ ಗಂಧಪುಷ್ಪಗಳಿಂದ ಅದನ್ನು ಪೂಜಿಸುತ್ತಾನೆ. ಪಟ್ಟಕ್ಕೆ ಬಂದ ಮೇಲೆ, ರಾಜ್ಯ ದೊರೆತರೆ ಬಲಿ ಕೊಡುವೆನೆಂದು ಆ ಮರಕ್ಕೆ ಹರಕೆ ಹೊತ್ತಿದ್ದೆನೆಂದೂ, ಆ ಬಲಿ ಪ್ರಾಣಿಹಿಂಸೆ ಮುಂತಾದ ದುಶ್ಶೀಲಗಳಲ್ಲಿ ತೊಡಗಿದ ಸಾವಿರ ಮಂದಿ ಮನುಷ್ಯರೆಂದೂ ಸಾರಿಸುತ್ತಾನೆ. ಬಲಿ ನಿಂತುಹೋಗುತ್ತದೆ. ಅರಸನ ಈ ಯುಕ್ತಿ ಫಲಿಸಿದ್ದು ಏಕೆ? ಅರಸನಾದರೂ ಸರಿ, ಮರದ ಮುಂದೆ ಆಡಿದ ಮಾತನ್ನು ತೀರಿಸದೆ ಇರಲಾರನೆಂದು ಎಲ್ಲರೂ ಒಪ್ಪಿದ್ದುದರಿಂದ. ಹರಕೆ ಋಣವೆಂಬ ಭಾವನೆಗೆ ಇದಕ್ಕಿಂತ ಹಳೆಯದೂ ಸ್ಪಷ್ಟವೂ ಆದ ನಿದರ್ಶನ ನನಗೆ ತಿಳಿಯದು.

ಬಾಣನ ಕಾದಂಬರಿಯಲ್ಲಿ ಮಕ್ಕಳಿಲ್ಲದ ರಾಣಿ ವಿಲಾಸವತಿ ಕೈಗೊಳ್ಳುವ ನಾನಾ ವ್ರತಗಳ ನಡುವೆ ಅಶ್ವತ್ಥವೇ ಮೊದಲಾದ ಮಹಾವೃಕ್ಷಗಳಿಗೆ ಪ್ರದಕ್ಷಿಣೆ ಬರುವುದೂ ಸೇರಿದೆ. ಈ ಕಾವ್ಯವನ್ನು ನಾಗವರ್ಮನು ಕನ್ನಡಕ್ಕೆ ತಂದಿರುವನಷ್ಟೆ. ಅರಮನೆಯ ರಾಣಿಗೂ ಗುಡಿಸಲಿನ ಹೆಂಗಸಿಗೂ ಈ ವಿಷಯದಲ್ಲಿ ಭೇದವಿರಲಿಲ್ಲ. ನಮ್ಮ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ೧೮೯೨ರಲ್ಲಿ ರೈಸ್ ಅವರು ಕಂಡುಹಿಡಿದ ಅಶೋಕನ ಕಿರುಶಾಸನದಲ್ಲಿ ಈ ವಿಷಯವಿಲ್ಲ. ಆದರೆ ಅದೇ ದೊರೆಯ ಒಂಬತ್ತನೆಯ ಬಂಡೆಶಾಸನದಲ್ಲಿ, ರೋಗ, ಮದುವೆ, ಮಕ್ಕಳ ಹುಟ್ಟು, ಪ್ರಯಾಣ ಇವುಗಳ ಸಂದರ್ಭದಲ್ಲಿ ಜನರು, ಅದರಲ್ಲಿಯೂ ತಾಯಂದಿರು, ಬಗೆಬಗೆಯ ಕ್ಷುದ್ರ ಮಂಗಳಕಾರ್ಯಗಳನ್ನು ಮಾಡುವರೆಂಬ ಆಕ್ಷೇಪವಿದೆ. ಆ ಮಂಗಳಕಾರ್ಯಗಳಲ್ಲಿ ಮರದ ಹರಕೆಯೂ ಇದ್ದಿತೆಂದು ಶಾಸನ ಹೇಳುವುದಿಲ್ಲ. ಜಾತಕಗಳೊಡನೆ ಓದಿದಾಗ ಹಾಗೆ ಊಹಿಸಬಹುದು, ಅಷ್ಟೆ.

ಹನ್ನೆರಡನೆಯ ಶತಮಾನಕ್ಕೆ ಬಂದರೆ ಬಸವಣ್ಣನವರ ವಚನಗಳು ನೇರವಾದ ಸಾಕ್ಷ್ಯವನ್ನು ಒದಗಿಸುತ್ತವೆ. ಮರವನ್ನು ಕಂಡಲ್ಲೆಲ್ಲ ಸುತ್ತುವವರನ್ನೂ, ಒಣಗಿಹೋಗುವ ಮರವನ್ನು ಮೆಚ್ಚಿದವರನ್ನೂ ಅವರು ಒಂದು ವಚನದಲ್ಲಿ ಮರುಗಿ ಹಳಿದಿದ್ದಾರೆ. ಇನ್ನೊಂದರಲ್ಲಿ ಹಾಳುದಿಣ್ಣೆ, ದಾರಿ, ಕೆರೆ, ಬಾವಿ, ಹಿರಿಯ ಆಲದ ಮರ ಇವುಗಳಲ್ಲಿ ಮನೆಮಾಡಿಕೊಂಡು ಕರೆಯುವ ಎಮ್ಮೆ, ಬಸುರಿ, ಬಾಣಂತಿ, ಹಸುಗೂಸುಗಳನ್ನು ಹಿಡಿದು ತಿನ್ನುವ ಕ್ಷುದ್ರದೈವಗಳ ಹೆಸರುಗಳನ್ನು ಸಾಲಾಗಿ ಎಣಿಸಿದ್ದಾರೆ. ಖಂಡಿಸುವವನ ಪಟ್ಟಿ ಇತಿಹಾಸಕಾರನಿಗೆ ಭಕ್ತನ ಸ್ತೋತ್ರಕ್ಕಿಂತ ಹೆಚ್ಚು ಉಪಯುಕ್ತವಾಗುವುದುಂಟು. ಎಮ್ಮೆ, ಬಸುರಿ, ಬಾಣಂತಿ, ಕೂಸು: ಇಂದಿಗೂ ನಮ್ಮ ಸೀಮೆಯಲ್ಲಿ ಮರಕ್ಕೆ ಹರಕೆ ಹೊರುವುದು ಈ ನಾಲ್ಕಕ್ಕಾಗಿಯೇ. ವಚನಕಾರನ ಕಣ್ಣಿಗೆ ಹಿಡಿದು ತಿನ್ನುವ ದೈವವಾಗಿ ಕಂಡುದು ಬೇಡುವವಳ ಕಣ್ಣಿಗೆ ಕಾಯುವ ದೈವವಾಗಿ ಕಂಡಿತು. ಕಾಯಬಲ್ಲುದೇ ಕೊಲ್ಲಲೂ ಬಲ್ಲುದೆಂಬುದು ಇಬ್ಬರಿಗೂ ತಿಳಿದಿತ್ತು.

ಆ ಪಟ್ಟಿಯ ಕೊನೆಯಲ್ಲಿ ಕೇತಯ್ಯನೆಂಬ ಹೆಸರಿದೆ. ಚಳ್ಳಕೆರೆ ತಾಲೂಕಿನಲ್ಲಿ ಕಾಡುಗೊಲ್ಲರು ನಡೆಸುವ ಕ್ಯಾತಪ್ಪನ ಪರಿಷೆ ಇಲ್ಲಿ ನೆನಪಿಗೆ ಬರುತ್ತದೆ. ಅಲ್ಲಿ ದೇವರಿಗೆ ಕಲ್ಲಿನ ಗುಡಿಯಲ್ಲ. ಬಾರೆ ಮುಳ್ಳು ಮತ್ತು ಸೊಪ್ಪುಗಳನ್ನು ಒಟ್ಟಿ ಪರಿಷೆಗೆಂದೇ ಗುಡಿ ಕಟ್ಟುತ್ತಾರೆ. ಕುಲದ ಗಂಡಸರು ಬರಿಗಾಲಿನಲ್ಲಿ ಆ ಮುಳ್ಳನ್ನು ಏರಿ ಕಲಶವನ್ನು ಕಿತ್ತು ತರುತ್ತಾರೆ. ವಚನದ ಕೇತಯ್ಯನೂ ಈ ಕ್ಯಾತಪ್ಪನೂ ಒಬ್ಬನೇ ಎಂದು ಹೆಸರಿನ ಹೋಲಿಕೆಯೊಂದರಿಂದ ಸಾಧಿಸಲಾಗದು. ಕೇತ ಎಂಬುದು ಆ ಕಾಲದಲ್ಲಿ ಬಳಕೆಯಲ್ಲಿದ್ದ ಹೆಸರು. ಆದರೂ ಮರದಲ್ಲಿ ಮನೆಮಾಡಿದ ದೈವಕ್ಕೆ ಕೊಂಬೆಗಳಿಂದಲೇ ಮನೆ ಕಟ್ಟುವ ಪದ್ಧತಿ ಇದೇ ಜಿಲ್ಲೆಯಲ್ಲಿ ಉಳಿದುಬಂದಿರುವುದು ವಿದ್ಯಾರ್ಥಿಗಳ ಪರಿಶೀಲನೆಗೆ ಅರ್ಹವಾದ ಸಂಗತಿ.

ಇಲ್ಲಿ ಒಂದು ವಿರೋಧವನ್ನೂ ಗಮನಿಸಬೇಕು. ಈ ಜಿಲ್ಲೆಯಲ್ಲಿಯೇ ಚಿತ್ರದುರ್ಗದ ಮುರುಘಾಮಠ, ಸಿರಿಗೆರೆಯ ಬೃಹನ್ಮಠಗಳಿವೆ. ವಚನಗಳು ಇಲ್ಲಿ ಪಂಡಿತರ ಸೊತ್ತಾಗಿ ಮಾತ್ರ ಉಳಿದಿಲ್ಲ. ಹಾಗಿದ್ದೂ ಕಟ್ಟೆಗಳ ಮೇಲಿನ ನೂಲು ಬಿಚ್ಚಿಕೊಂಡಿಲ್ಲ. ಜನರ ಅಜ್ಞಾನವೇ ಇದಕ್ಕೆ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನ್ನ ಅಭಿಪ್ರಾಯದಲ್ಲಿ, ಮರದ ಹರಕೆಗೆ ಪೂಜಾರಿ ಬೇಡ, ಮುಹೂರ್ತ ಬೇಡ, ದಕ್ಷಿಣೆ ಬೇಡ. ಗಂಡಸಿನ ಅಪ್ಪಣೆಯೂ ಬೇಡ. ದೇವಾಲಯದ ಬಾಗಿಲಲ್ಲಿ ಹೇಳಿಕೊಳ್ಳಲಾಗದುದನ್ನು ಹೆಣ್ಣೊಬ್ಬಳು ಹೇಳಿಕೊಳ್ಳಬಹುದಾದ ಸ್ಥಳ ಅದು. ಆದರೆ ಈ ಸ್ವಾತಂತ್ರ್ಯವನ್ನು ಬಣ್ಣಿಸುವಾಗ ಎಚ್ಚರ ತಪ್ಪಬಾರದು. ಊರೊಳಗಿನ ಅರಳಿಕಟ್ಟೆಯನ್ನು ಏರುವ ಹಕ್ಕು ಎಲ್ಲ ಜಾತಿಯವರಿಗೂ ಇರಲಿಲ್ಲ. ಹೊಲದ ಬೇವು ಹಲವರ ಪಾಲಿಗೆ ದೈವವಾದುದರ ಹಿಂದೆ ಈ ನಿಷೇಧವೂ ಇದೆ. ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಬೇಲಿಯಿಂದ ಹೊರಗೆ ಇರಿಸುವ ರೂಢಿಯಲ್ಲಿ ಅವರಿಗೆ ಮಳೆಬಿಸಿಲುಗಳಿಂದ ಮರೆಯಾಗಿದ್ದುದು ಎಷ್ಟೋ ವೇಳೆ ಒಂದು ಮರದ ನೆರಳು ಮಾತ್ರ. ಮಗುವಿಗಾಗಿ ಮರವನ್ನು ಸುತ್ತಿದವಳು ಮಗುವಿನೊಡನೆ ಮರದಡಿಗೆ ಬಂದಳು. ಕರ್ನಾಟಕವು ೨೦೧೭ರಲ್ಲಿ ಅಂಗೀಕರಿಸಿದ ಅಮಾನವೀಯ ಅನಿಷ್ಟ ಪದ್ಧತಿಗಳ ಕಾಯಿದೆ ಇಂತಹ ಬಹಿಷ್ಕಾರವನ್ನು ಅಪರಾಧವೆಂದು ಎಣಿಸಿದೆ, ಪ್ರದಕ್ಷಿಣೆ ಮುಂತಾದ ಪೂಜಾಕ್ರಮಗಳನ್ನು ಮುಟ್ಟಿಲ್ಲ. ಶಾಸನಕರ್ತರು ಗೆರೆ ಎಳೆದ ಜಾಗ ಸರಿಯಾದುದೆಂದೇ ಹೇಳಬೇಕು.

ಮತ್ತೆ ಸಾಕ್ಷಿಯ ವಿಚಾರಕ್ಕೆ ಬರೋಣ. ಫರ್ಗುಸನ್ ಅವರು ೧೮೬೮ರಲ್ಲಿ ಸಾಂಚಿ ಅಮರಾವತಿಗಳ ಶಿಲ್ಪಗಳನ್ನು ಆಧರಿಸಿ ವೃಕ್ಷಪೂಜೆ ನಾಗಪೂಜೆಗಳನ್ನು ಕುರಿತು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು; ಇವು ಆರ್ಯೇತರವಾದ ಒಂದು ಜನಾಂಗದ ಕುರುಹೆಂದು ಅವರ ಸಿದ್ಧಾಂತ. ಜನಾಂಗಗಳ ಆ ವಿಂಗಡಣೆಯನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಮರವೆಂದರೆ ಪೂಜಾವಸ್ತು ಎಂಬ ಅವರ ದೃಷ್ಟಿ ಮಾತ್ರ ಹಾಗೆಯೇ ಉಳಿದುಕೊಂಡಿದೆ. ನಮ್ಮ ಧರ್ಮಶಾಸ್ತ್ರ ಮತ್ತು ಶಾಸನಗಳು ಮರಕ್ಕೆ ಬೇರೊಂದು ಕೆಲಸವನ್ನೂ ಕೊಟ್ಟಿವೆ. ಮನುಸ್ಮೃತಿಯ ಎಂಟನೆಯ ಅಧ್ಯಾಯ ಹಳ್ಳಿಗಳ ಎಲ್ಲೆಯ ವ್ಯಾಜ್ಯವನ್ನು ಹೇಳುವಾಗ ಆಲ, ಅರಳಿ, ಮುತ್ತುಗ, ಬೂರುಗ ಮತ್ತು ಹಾಲುಮರಗಳನ್ನು ಗಡಿಯಲ್ಲಿ ನೆಡಬೇಕೆಂದು ವಿಧಿಸುತ್ತದೆ. ಕನ್ನಡ ದಾನಶಾಸನಗಳಲ್ಲಿ ದತ್ತಿಯ ಭೂಮಿಯ ಎಲ್ಲೆಯನ್ನು ಹೇಳುವಾಗ ಮೊರಡಿ, ಹಳ್ಳ, ನಟ್ಟ ಕಲ್ಲುಗಳ ಜೊತೆಗೆ ಹುಣಸೆ, ಆಲ, ಅತ್ತಿಗಳು ಬರುತ್ತವೆ. ೧೯೦೩ರಲ್ಲಿ ಅಚ್ಚಾದ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟ, ಎಂದರೆ ಚಿತ್ರದುರ್ಗ ಜಿಲ್ಲೆಯ ಸಂಪುಟವನ್ನು, ರಾಜರ ವಂಶಾವಳಿಗಾಗಿ ಅಲ್ಲದೆ ಈ ಎಲ್ಲೆಯ ಮರಗಳಿಗಾಗಿ ಒಮ್ಮೆ ಓದಿದರೆ ಒಳ್ಳೆಯ ಪ್ರಬಂಧವೊಂದು ಸಿದ್ಧವಾದೀತು.

ಭೂಮಿಯ ಮೇರೆಗೆ ಸಾಕ್ಷಿ ಮರ. ಪಂಚಾಯಿತಿಯ ಮಾತಿಗೆ ಸಾಕ್ಷಿ ಮರ. ಹೆಣ್ಣಿನ ಹರಕೆಗೂ ಸಾಕ್ಷಿ ಮರ. ಸೀಮೆಯ ಮರವನ್ನು ಕಡಿದರೆ ಹೊಲದ ಲೆಕ್ಕ ಕೆಡುವಂತೆ ಹರಕೆಯ ಮರವನ್ನು ಕಡಿದರೆ ತೀರದೆ ಉಳಿದ ಮಾತುಗಳ ಲೆಕ್ಕ ಕೆಡುತ್ತದೆ. ಇಂತಹ ಮರಕ್ಕೆ ಕೊಡಲಿ ಹಾಕಲು ಹಳ್ಳಿಯ ಕೂಲಿಯವನು ಹಿಂದೆಗೆಯುವುದನ್ನು ದೆವ್ವದ ಭಯವೆಂದು ಮಾತ್ರ ತಿಳಿಯುವುದು ಸಾಲದು. ಯಾರು ಯಾರದೋ ಬಾಕಿ ತನ್ನ ಮೇಲೆ ಬಂದೀತೆಂಬ ಅಳುಕು ಅದರಲ್ಲಿದೆ.

ಹೆದ್ದಾರಿಗಳನ್ನು ಅಗಲಗೊಳಿಸಿದ ಈಚಿನ ದಶಕಗಳಲ್ಲಿ ದಾರಿಯ ಬದಿಯ ಹಳೆಯ ಮರಗಳು ಬಹುಮಟ್ಟಿಗೆ ಹೋದುವು. ಮರ ಹೋದ ಕಡೆಗಳಲ್ಲಿ ಅದರ ಬುಡದಲ್ಲಿದ್ದ ನಾಗರಕಲ್ಲುಗಳನ್ನು ಎತ್ತಿ ಬೇರೆಡೆ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಒಂದು ಅರಳಿಯ ಸಸಿಯನ್ನು ನೆಡುವುದೂ ಉಂಟು. ಮೊದಲು ತಗಡಿನ ಮಾಡು, ಆಮೇಲೆ ಗಾರೆಯ ಗೋಡೆ, ಕಬ್ಬಿಣದ ಸರಳು, ಬೀಗ, ಪೂಜಾರಿ ಹೀಗೆ ಮರದಡಿಯ ದೈವ ಗುಡಿಯ ದೈವವಾಗುತ್ತದೆ. ಕೆಲವೆಡೆ ‘ಮರದಮ್ಮ’ ಎಂಬ ಹೆಸರು ಮಾತ್ರ ಉಳಿದು ಮರ ಎಲ್ಲಿತ್ತೆಂಬುದು ಹಿರಿಯರ ಬಾಯಲ್ಲಿದೆ. ಸಸಿ ಇನ್ನೂ ಬಲಿತಿರುವುದಿಲ್ಲ, ತೊಟ್ಟಿಲಿನ ಭಾರಕ್ಕೆ ಬಾಗುತ್ತದೆ. ಆದುದರಿಂದ ಹೆಂಗಸರು ಬಟ್ಟೆಯ ಚೂರಿನಲ್ಲಿ ಕಲ್ಲಿಟ್ಟು ಕಿಟಕಿಯ ಸರಳಿಗೇ ಕಟ್ಟಿಹೋಗುತ್ತಾರೆ.