ಮೈಸೂರು ಯುದ್ಧಚಿತ್ರಗಳಲ್ಲಿ ವನ್ಯಮೃಗ

ಮೈಸೂರು ಯುದ್ಧಗಳನ್ನು ಕುರಿತ ಚಿತ್ರಗಳು ಇತಿಹಾಸಕ್ಕೆ ಆಧಾರಗಳೆಂಬುದು ನಿರ್ವಿವಾದ. ಆದರೆ ಅವು ಯಾವುದನ್ನು ತೋರಿಸುತ್ತವೆ, ಯಾವುದನ್ನು ಬಿಡುತ್ತವೆ ಎಂಬುದನ್ನು ವಿಚಾರಿಸದೆ ಅವನ್ನು ಸಾಕ್ಷ್ಯವಾಗಿ ಸ್ವೀಕರಿಸುವುದು ಯುಕ್ತವಲ್ಲ. ಇವುಗಳಲ್ಲಿ ಪ್ರಾಣಿಗಳು ಹೇರಳವಾಗಿವೆ. ಪ್ರಾಣಿಗಳಿಗೆ ಒದಗಿದ ಹಾನಿಯ ಚಿತ್ರಣ ಮಾತ್ರ ವಿರಳ. ಈ ವೈಷಮ್ಯವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಟಿಪ್ಪು ಸುಲ್ತಾನನು ಹುಲಿಯನ್ನು ತನ್ನ ಲಾಂಛನವಾಗಿ ಸ್ವೀಕರಿಸಿದ್ದನು. ಅವನ ಸಿಂಹಾಸನ, ಆಯುಧ, ಸೈನಿಕರ ಉಡುಪು, ಎಲ್ಲೆಡೆಯೂ ಹುಲಿಯ ರೂಪವೋ ಹುಲಿಪಟ್ಟೆಯೋ ಕಾಣುತ್ತಿತ್ತು. ಐರೋಪ್ಯನೊಬ್ಬನ ಮೇಲೆರಗಿರುವ ಹುಲಿಯ ಮರದ ಯಂತ್ರಪ್ರತಿಮೆ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಗಳಲ್ಲಿ 1780ರ ಪೊಳ್ಳಿಲೂರು ಯುದ್ಧವು ಚಿತ್ರಿತವಾಗಿದೆ. ಅಲ್ಲಿ ಆನೆ, ಕುದುರೆಗಳು ಪ್ರಭುತ್ವದ ವೈಭವಕ್ಕೆ ಒದಗಿದ ಅಂಗಗಳು. ಈ ಚಿತ್ರಗಳನ್ನು 19ನೆಯ ಶತಮಾನದ ಮಧ್ಯದಲ್ಲಿ ಡಾಲ್‌ಹೌಸಿಯ ಅಪ್ಪಣೆಯಂತೆ ಮತ್ತೆ ಬರೆಯಿಸಲಾಯಿತೆಂಬುದನ್ನೂ ಗಮನಿಸತಕ್ಕದ್ದು.

1799ರ ಮೇ 4ರಂದು ಶ್ರೀರಂಗಪಟ್ಟಣವು ಆಂಗ್ಲರ ವಶವಾಯಿತು. ಆ ವಿಜಯದ ಸ್ಮಾರಕವಾಗಿ 1808ರಲ್ಲಿ ಹಂಚಲಾದ ಪದಕದ ಮೇಲೆ ಸಿಂಹವು ಹುಲಿಯನ್ನು ಮೆಟ್ಟಿ ನಿಂತಿದೆ. ಆದರೆ ಕೋಟೆಯೊಳಗೆ ಜೀವಂತ ಹುಲಿಗಳೂ ಇದ್ದವು. ಅವುಗಳಿಗೆ ಆಹಾರವಿಲ್ಲ, ನೋಡಿಕೊಳ್ಳುವವರಿಲ್ಲ. ಯಾರೂ ಒಯ್ಯದಿದ್ದರೆ ಗುಂಡಿಕ್ಕಿಸಬೇಕಾದೀತೆಂದು ಆರ್ಥರ್ ವೆಲ್ಲೆಸ್ಲಿ ಪತ್ರ ಬರೆದನು. ಪದಕದ ಹುಲಿ ಶತ್ರುವಿನ ಸಂಕೇತ. ಪತ್ರದ ಹುಲಿಗಳು ಹಸಿದ ಜೀವಿಗಳು. ಶಿಲ್ಪಿಯು ಮೊದಲನೆಯದನ್ನು ಮಾತ್ರ ಕಂಡರಿಸಿದನು.

ಶಿವಮೊಗ್ಗ ಸೀಮೆಗೆ ಇಂತಹ ಚಿತ್ರದ ಭಾಗ್ಯವೂ ದೊರೆಯಲಿಲ್ಲ. 1791ರ ಡಿಸೆಂಬರಿನಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯವೂ ಕ್ಯಾಪ್ಟನ್ ಲಿಟ್ಲನ ಕಂಪನಿಯ ತುಕಡಿಯೂ ಈಗಿನ ಭದ್ರಾವತಿ ತಾಲ್ಲೂಕಿನ ಹೊಳೆಹೊನ್ನೂರನ್ನು ಹಿಡಿದು, ಶಿವಮೊಗ್ಗದ ಬಳಿಯ ಕಾಡಿನಲ್ಲಿ ರಜಾ ಸಾಹೇಬನ ಪಡೆಯನ್ನು ಸೋಲಿಸಿದವು. ಆ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಇದರ ವೃತ್ತಾಂತವನ್ನು 1794ರಲ್ಲಿ ಪ್ರಕಟಿಸಿದನು. ಅದೇ ವರ್ಷ ಮೈಸೂರಿನ ನೋಟಗಳನ್ನು ಅಚ್ಚು ಮಾಡಿಸಿದ ರಾಬರ್ಟ್ ಹೋಮನು ಕಾರ್ನ್‌ವಾಲಿಸನ ದಂಡಿನ ಜೊತೆಯಿದ್ದವನು; ಅವನ ಕುಂಚಕ್ಕೆ ಬೆಂಗಳೂರು, ಸಾವನದುರ್ಗಗಳು ವಿಷಯವಾದವು. ದಂಡಿನ ಎತ್ತು, ಕುದುರೆಗಳಿಗೆ ಬೇಕಾದ ಮೇವು, ಅಡುಗೆಯ ಸೌದೆ ಇವುಗಳ ಭಾರವು ತುಂಗಭದ್ರೆಯ ದಡದ ಕಾಡಿನ ಮೇಲೆ ಬಿದ್ದಿರಬೇಕೆಂಬುದನ್ನು ನಾವು ಊಹಿಸಬಹುದಷ್ಟೆ.

ಯುದ್ಧಾನಂತರದ ಶತಮಾನದಲ್ಲಿ ಚಿತ್ರದ ವಿಷಯವು ರಣದಿಂದ ಬೇಟೆಗೆ ತಿರುಗಿತು. ಮೈಸೂರಿನಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ನನ 1878ರ ಸಚಿತ್ರ ಗ್ರಂಥವು ಇದಕ್ಕೆ ನಿದರ್ಶನ. ಬೇಟೆಯು ಆಂಗ್ಲರಿಂದಲೇ ಆರಂಭವಾಯಿತೆಂದಲ್ಲ. ದೇಶೀಯ ಅರಸರೂ ಬೇಟೆಗಾರರೇ. ಆದರೆ ಹುಲಿಯನ್ನು ಕೊಂದವನಿಗೆ ಸರಕಾರವೇ ಬಹುಮಾನವೀಯುತ್ತಿದ್ದ ಆ ಕಾಲದಲ್ಲಿ ವಧೆಯು ಆಡಳಿತದ ಕರ್ತವ್ಯವೆನಿಸಿತು.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆಯು ಇದ್ದಿಲಿನಿಂದ ಉರಿಯತೊಡಗಿದಾಗ ಕಾಡಿನ ವೆಚ್ಚವು ಇನ್ನೊಂದು ಬಗೆಯದಾಯಿತು. 1998ರಲ್ಲಿ ಭದ್ರಾ ಅರಣ್ಯವು ಹುಲಿ ಸಂರಕ್ಷಣಾ ಯೋಜನೆಗೆ ಸೇರಿತು. ಈ ದೀರ್ಘ ಲೆಕ್ಕವನ್ನು ಯಾವ ಒಂದು ಚಿತ್ರವೂ ಹೇಳದು. ಆದುದರಿಂದ ಚಿತ್ರದ ಪಕ್ಕದಲ್ಲಿ ಪತ್ರವನ್ನೂ ಅರಣ್ಯದ ದಾಖಲೆಯನ್ನೂ ಇಟ್ಟು ಓದುವುದು ನಮ್ಮ ವಿದ್ಯಾರ್ಥಿಗಳ ಕರ್ತವ್ಯವಾಗಿದೆ. ಗೆದ್ದವನಾರೆಂಬುದನ್ನು ಚಿತ್ರವು ತಿಳಿಸುತ್ತದೆ; ಬೆಲೆ ತೆತ್ತವರಾರೆಂಬುದನ್ನು ನಾವೇ ಹುಡುಕಬೇಕು.